ಮಾತು ಮರೆತು ಓಡಿದ ನಟ: ಸರ್ ಹೆನ್ರಿ ಇರ್ವಿಂಗ್

ನಮ್ಮ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಮಾತು ಮರೆತು ಪರದೆಯ ಹಿಂದಕ್ಕೆ ಓಡಿದವನು ನಾನು. ಕಂಪನಿ ಕೆಲಸದ ಮೇಲೆ ಲಂಡನ್ನಿಗೆ ಹೋಗಿದ್ದಾಗ ಚೇರಿಂಗ್ ಕ್ರಾಸ್ ರಸ್ತೆಯಲ್ಲಿ ಹೆನ್ರಿ ಇರ್ವಿಂಗ್ ಎಂಬ ನಟನ ಪ್ರತಿಮೆ ಕಂಡೆ. ಆತನೂ ಒಮ್ಮೆ ಹಾಗೆಯೇ ಓಡಿದ್ದನೆಂದು ಆಮೇಲೆ ಓದಿ ತಿಳಿದೆ.

1838ರಲ್ಲಿ ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹುಟ್ಟಿದ ಇವನ ನಿಜವಾದ ಹೆಸರು ಜಾನ್ ಹೆನ್ರಿ ಬ್ರಾಡ್‌ರಿಬ್. ಬಾಲ್ಯದಲ್ಲಿ ಮಾತು ತೊದಲುತ್ತಿತ್ತು. ಓದು ಬೇಗ ನಿಂತು, ಇಂಡಿಯಾದೊಡನೆ ವ್ಯಾಪಾರ ಮಾಡುತ್ತಿದ್ದ ಲಂಡನ್ ಕಂಪನಿಯಲ್ಲಿ ಗುಮಾಸ್ತನಾದ. ಧರ್ಮನಿಷ್ಠೆಯ ತಾಯಿಗೆ ನಾಟಕವೆಂದರೆ ಪಾಪ. ಆದರೂ 1856ರಲ್ಲಿ, 18ನೇ ವಯಸ್ಸಿಗೆ, ಕೆಲಸ ಬಿಟ್ಟು ಸಂಡರ್ಲೆಂಡ್ ಊರಿನ ರಂಗಮಂದಿರ ಸೇರಿದ. ಮಾತು ಮರೆತು ಓಡಿದ್ದು ಅಲ್ಲಿಯೇ. ಡಬ್ಲಿನ್ನಿನ ಪ್ರೇಕ್ಷಕರಂತೂ ಕೂಗಿ ಅವಮಾನಿಸಿದರು. ಊರೂರು ಸುತ್ತಿ ನೂರಾರು ಪಾತ್ರ ಮಾಡುವುದರಲ್ಲೇ ಹತ್ತು ವರ್ಷ ಹೋಯಿತು.

1871ರ ನವೆಂಬರ್ 25ರಂದು ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ‘ದಿ ಬೆಲ್ಸ್’ ನಾಟಕ. ಹಿಂದೊಮ್ಮೆ ಹಣಕ್ಕಾಗಿ ಯಹೂದಿಯೊಬ್ಬನನ್ನು ಕೊಂದು, ಈಗ ಊರಿನ ದೊಡ್ಡ ಮನುಷ್ಯನಾಗಿರುವವನ ಪಾತ್ರ. ಸತ್ತವನ ಹಿಮಗಾಡಿಯ ಗಂಟೆಗಳು ಅವನೊಬ್ಬನ ಕಿವಿಗೇ ಕೇಳುತ್ತವೆ. ಅಂದಿನಿಂದ ಲಂಡನ್ನಿನಲ್ಲೆಲ್ಲ ಇರ್ವಿಂಗನದೇ ಮಾತು. ಆ ರಾತ್ರಿ ಮನೆಗೆ ಹೋಗುವ ಗಾಡಿಯಲ್ಲಿ ತುಂಬು ಗರ್ಭಿಣಿ ಹೆಂಡತಿ ಫ್ಲಾರೆನ್ಸ್, ಜೀವಮಾನವಿಡೀ ಹೀಗೇ ಕೋಡಂಗಿಯಾಗಿರುವೆಯಾ ಎಂದು ಕೇಳಿದಳಂತೆ. ಇರ್ವಿಂಗ್ ಗಾಡಿ ನಿಲ್ಲಿಸಿ ಇಳಿದು ನಡೆದುಹೋದ. ಮತ್ತೆ ಅವಳ ಜೊತೆ ಬಾಳಲಿಲ್ಲ. ಅವಳದೇ ತಪ್ಪು ಎನ್ನುವುದು ಸುಲಭ. ಆದರೆ ಆ ಇಬ್ಬರು ಗಂಡುಮಕ್ಕಳು ತಂದೆಯಿಲ್ಲದ ಮನೆಯಲ್ಲಿ ಬೆಳೆದರಲ್ಲ, ಅದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಮುಂದೆ ಇಬ್ಬರೂ ನಟರೇ ಆದರು!

1878ರಲ್ಲಿ ಲೈಸಿಯಂ ಅವನ ಕೈಗೆ ಬಂತು. ಎಲೆನ್ ಟೆರಿ ನಾಯಕಿ. ಮುಂದೆ ‘ಡ್ರಾಕುಲಾ’ ಬರೆದ ಬ್ರ್ಯಾಮ್ ಸ್ಟೋಕರ್ ವ್ಯವಸ್ಥಾಪಕ. 1895ರಲ್ಲಿ ಸರ್ ಪದವಿ ಬಂತು. ಅಲ್ಲಿಯವರೆಗೆ ಯಾವ ನಟನಿಗೂ ಅದು ಸಿಕ್ಕಿರಲಿಲ್ಲ. ವಿಚ್ಛೇದನವಾಗಿರಲಿಲ್ಲವಾದ್ದರಿಂದ ಫ್ಲಾರೆನ್ಸ್ ಕೂಡ ಲೇಡಿ ಇರ್ವಿಂಗ್ ಆದಳು.

1898ರಲ್ಲಿ ಉಗ್ರಾಣಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ನಾಟಕಗಳ ರಂಗಸಜ್ಜಿಕೆ ಸುಟ್ಟುಹೋಯಿತು. ಲೈಸಿಯಂ ಕೈತಪ್ಪಿತು. ಅರವತ್ತು ದಾಟಿದವನು ಮತ್ತೆ ಊರೂರು ಅಲೆಯತೊಡಗಿದ. 1905ರ ಅಕ್ಟೋಬರಿನಲ್ಲಿ ಬ್ರಾಡ್‌ಫರ್ಡಿನಲ್ಲಿದ್ದಾಗ ‘ದಿ ಬೆಲ್ಸ್’ ಆಡಿ ತೀರಾ ಬಳಲಿದ. ಇನ್ನು ಅದನ್ನು ಆಡಬಾರದೆಂದು ಜೊತೆಯವರು ಆ ನಾಟಕದ ಸಾಮಾನನ್ನೆಲ್ಲ ಲಂಡನ್ನಿಗೆ ವಾಪಸು ಕಳಿಸಿಬಿಟ್ಟರು. ಮರುದಿನ, 13ರಂದು, ‘ಬೆಕೆಟ್’ ನಾಟಕ ಮುಗಿಸಿ ಹೋಟೆಲಿಗೆ ಬಂದವನು ಕೋಣೆಯವರೆಗೂ ಹೋಗಲಿಲ್ಲ. ಕೆಳಗಿನ ಹಜಾರದಲ್ಲೇ ತೀರಿಕೊಂಡ. ಚಿತಾಭಸ್ಮ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ. ನಾನು ಕಂಡ ಪ್ರತಿಮೆಯನ್ನು ಅಲ್ಲಿನ ನಟ ನಟಿಯರು ಮತ್ತು ರಂಗಭೂಮಿಯ ಕೆಲಸಗಾರರೇ ಸೇರಿ ನಿಲ್ಲಿಸಿದ್ದಾರೆ.