ಆಂಟೋನಿಯೊ ದೆ ಟೊರೆಸ್

ಆಂಟೋನಿಯೊ ದೆ ಟೊರೆಸ್ ಹುರಾದೊ (ಜೂನ್ 13, 1817 – ನವೆಂಬರ್ 19, 1892) ಸ್ಪೇನ್ ದೇಶದ ಗಿಟಾರ್ ತಯಾರಕರು. ಇಂದಿನ ಶಾಸ್ತ್ರೀಯ ಗಿಟಾರಿನ ರೂಪವನ್ನು ನೆಲೆಗೊಳಿಸಿದವರೆಂದು ಪ್ರಸಿದ್ಧರಾಗಿದ್ದಾರೆ.

ಜೀವನ

ಆಲ್ಮೇರಿಯಾ ಸಮೀಪ ಜನಿಸಿದ ಅವರು ಮೊದಲು ಮರಗೆಲಸವನ್ನು ಕಲಿತರು. ಬಳಿಕ ಸೆವಿಯಾ ನಗರದಲ್ಲಿ ಗಿಟಾರ್ ತಯಾರಿಕೆಯಲ್ಲಿ ತೊಡಗಿ, ಅಲ್ಲಿನ 1858ರ ವಸ್ತುಪ್ರದರ್ಶನದಲ್ಲಿ ಪದಕ ಪಡೆದರು. ಹೀಗೆ ಹೆಸರು ಬಂದಿದ್ದರೂ 1870ರ ಸುಮಾರಿಗೆ ಆಲ್ಮೇರಿಯಾಕ್ಕೆ ಮರಳಿ ಪಿಂಗಾಣಿ ಸಾಮಾನಿನ ಅಂಗಡಿ ತೆರೆದರು. 1875ರ ವೇಳೆಗೆ ಬಿಡುವಿನಲ್ಲಿ ಮತ್ತೆ ಗಿಟಾರ್ ತಯಾರಿಸತೊಡಗಿದರು.

ಮೇಲ್ಹಲಗೆಯ ಒಳಪಟ್ಟಿಗಳು

ತಂತಿಗಳ ಸೆಳೆತಕ್ಕೆ ಗಿಟಾರಿನ ತೆಳುವಾದ ಮೇಲ್ಹಲಗೆ ಬಾಗದಿರಲೆಂದು ಅದರ ಒಳಮೈಗೆ ಮರದ ಪಟ್ಟಿಗಳನ್ನು ಅಂಟಿಸಲಾಗುತ್ತದೆ. ಪಟ್ಟಿಗಳು ದಪ್ಪವಾದರೆ ಹಲಗೆಯ ಕಂಪನ ಕುಗ್ಗುತ್ತದೆ. ತೀರ ತೆಳುವಾದರೆ ಹಲಗೆ ಸೊಟ್ಟಗಾಗುತ್ತದೆ. ಪಟ್ಟಿಗಳನ್ನು ಬೀಸಣಿಗೆಯಂತೆ ಹರಡುವ ಕ್ರಮ ಟೊರೆಸ್ ಅವರಿಗಿಂತ ಮೊದಲೇ ಇತ್ತು. ಅವರು ಮೇಲ್ಹಲಗೆಯನ್ನು ಅಗಲಗೊಳಿಸಿ, ತೆಳುವಾಗಿಸಿ, ಸಾಮಾನ್ಯವಾಗಿ ಏಳು ಹಗುರವಾದ ಪಟ್ಟಿಗಳನ್ನು ಅದಕ್ಕೆ ಹೊಂದಿಸಿದರು. ನಾದಕ್ಕೆ ಮುಖ್ಯವಾದುದು ಮೇಲ್ಹಲಗೆಯೇ ಎಂದು ತೋರಿಸಲು 1862ರಲ್ಲಿ ಹಿಂಬದಿಯನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿದ ಗಿಟಾರೊಂದನ್ನು ರಚಿಸಿದರು. ಅದು ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಪ್ರಭಾವ

ಖ್ಯಾತ ವಾದಕ ಫ್ರಾನ್ಸಿಸ್ಕೊ ತಾರ್ರೆಗಾ ಅವರು 1864ರಲ್ಲಿ ತಯಾರಾದ ಟೊರೆಸ್ ಗಿಟಾರನ್ನು ನುಡಿಸುತ್ತಿದ್ದರು. ಬೀಸಣಿಗೆಯಂತೆ ಜೋಡಿಸಿದ ಒಳಪಟ್ಟಿಗಳು ಇಂದಿಗೂ ಶಾಸ್ತ್ರೀಯ ಗಿಟಾರ್ ತಯಾರಿಕೆಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ.