ಲಿಫ್ಟಿನ ಭಯ ನೀಗಿಸಿದ ಎಲಿಷಾ ಓಟಿಸ್

ಹವ್ಯಾಸಗಳು ಹಲವು ಬಗೆ. ಅಂಚೆಚೀಟಿ ಸಂಗ್ರಹಿಸುವವರುಂಟು. ಹಳೆಯ ನಾಣ್ಯಗಳನ್ನು ಅರಸುತ್ತ ಊರೂರು ತಿರುಗುವವರುಂಟು. ರೈಲು ನಿಲ್ದಾಣದ ತುದಿಯಲ್ಲಿ ನಿಂತು ಇಂಜಿನುಗಳ ನಂಬರು ಬರೆದುಕೊಳ್ಳುವವರೂ ಉಂಟು. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಇನ್ನೊಂದು ಹವ್ಯಾಸ ಸೇರಿಕೊಂಡಿದೆ. ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಕೆಲವು ಹುಡುಗರು, ಅವರೊಡನೆ ಕೆಲವು ಹಿರಿಯರು ಕೂಡ, ಕ್ಯಾಮರಾ ಹಿಡಿದು ಕಟ್ಟಡದಿಂದ ಕಟ್ಟಡಕ್ಕೆ ಹೋಗುತ್ತಾರೆ. ಅವರಿಗೆ ಬೇಕಾದುದು ಕಟ್ಟಡವಲ್ಲ, ಅದರೊಳಗಿನ ಲಿಫ್ಟು. ಬಾಗಿಲು ತೆರೆಯುವ ರೀತಿ, ಗುಂಡಿಗಳ ಸಾಲು, ಮೋಟಾರಿನ ಸದ್ದು, ಮಹಡಿ ತಲಪಿದಾಗ ಬಾರಿಸುವ ಗಂಟೆ ಇವೆಲ್ಲವನ್ನೂ ಚಿತ್ರೀಕರಿಸಿಕೊಳ್ಳುತ್ತಾರೆ. ಯಾವುದಾದರೂ ಹಳೆಯ ಲಿಫ್ಟನ್ನು ಕಳಚಿ ಹೊಸದನ್ನು ಇಡುತ್ತಾರೆಂಬ ಸುದ್ದಿ ತಿಳಿದರೆ, ಅದಕ್ಕೆ ಮೊದಲು ಹೋಗಿ ಒಮ್ಮೆ ಹತ್ತಿ ಇಳಿದು ಬರುತ್ತಾರೆ.

ಇವರು ಲಿಫ್ಟಿನೊಳಗೆ ಕಾಲಿಟ್ಟೊಡನೆ ಹುಡುಕುವುದು ಅದನ್ನು ತಯಾರಿಸಿದವರ ಹೆಸರಿನ ಫಲಕವನ್ನು. ಲೋಕದ ಯಾವ ಮೂಲೆಗೆ ಹೋದರೂ ಆ ಫಲಕಗಳಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರು ಓಟಿಸ್ ಎಂಬುದು. ಅದೊಂದು ಕಂಪೆನಿಯ ಹೆಸರೆಂದು ಎಲ್ಲರೂ ಬಲ್ಲರು. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದು, ಆ ಮನುಷ್ಯನು ನಲವತ್ತು ದಾಟುವವರೆಗೆ ಕೈಹಾಕಿದ ಕೆಲಸಗಳಲ್ಲೆಲ್ಲ ಸೋಲನ್ನೇ ಕಂಡವನೆಂಬುದು ಬಹಳ ಮಂದಿಗೆ ತಿಳಿಯದು.

ಎಲಿಷಾ ಗ್ರೇವ್ಸ್ ಓಟಿಸ್ 1811ರ ಆಗಸ್ಟ್ 3ರಂದು ಅಮೆರಿಕದ ವರ್ಮಾಂಟ್ ಸಂಸ್ಥಾನದ ಹ್ಯಾಲಿಫ್ಯಾಕ್ಸ್ ಎಂಬ ಹಳ್ಳಿಯಲ್ಲಿ ಜನಿಸಿದನು. ಒಕ್ಕಲುತನದ ಮನೆ. ಆರು ಮಕ್ಕಳಲ್ಲಿ ಇವನೇ ಕಿರಿಯವನು. ಬೇಸಾಯದಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲ. ಹತ್ತೊಂಬತ್ತರ ಪ್ರಾಯದಲ್ಲಿ ಮನೆಬಿಟ್ಟು ನ್ಯೂಯಾರ್ಕ್ ಸಂಸ್ಥಾನದ ಟ್ರಾಯ್ ಪಟ್ಟಣಕ್ಕೆ ಬಂದು, ಕಟ್ಟಡ ಕಟ್ಟುವವರ ಜೊತೆ ದುಡಿದನು. ಸರಕು ಸಾಗಿಸುವ ಕುದುರೆಗಾಡಿಯನ್ನೂ ಹೊಡೆದನು. 1834ರಲ್ಲಿ ಸೂಸನ್ ಹೌಟನ್ ಎಂಬವಳನ್ನು ಮದುವೆಯಾದನು. ಚಾರ್ಲ್ಸ್, ನಾರ್ಟನ್ ಎಂಬ ಇಬ್ಬರು ಗಂಡುಮಕ್ಕಳು ಹುಟ್ಟಿದರು.

ಆ ದಿನಗಳಲ್ಲಿ ನ್ಯುಮೋನಿಯ ತಗಲಿ ಅವನು ಸಾವಿನ ಬಾಗಿಲಿಗೆ ಹೋಗಿ ಮರಳಿದನು. ದೇಹ ಚೇತರಿಸಿಕೊಂಡ ಬಳಿಕ ವರ್ಮಾಂಟಿನ ಬೆಟ್ಟಸೀಮೆಗೆ ಹಿಂತಿರುಗಿ, ಗ್ರೀನ್ ನದಿಯ ದಡದಲ್ಲಿ ಸ್ವಂತ ಕೈಯಿಂದಲೇ ಹಿಟ್ಟಿನ ಗಿರಣಿಯೊಂದನ್ನು ಕಟ್ಟಿದನು. ಗಿರಣಿಯಿಂದ ಹೊಟ್ಟೆ ತುಂಬಲಿಲ್ಲ. ಅದನ್ನೇ ಮರ ಸೀಳುವ ಮಿಲ್ಲಾಗಿ ಮಾರ್ಪಡಿಸಿದನು. ಅಲ್ಲಿಗೂ ಗಿರಾಕಿಗಳು ಬರಲಿಲ್ಲ. ಗಾಡಿಗಳನ್ನು ತಯಾರಿಸತೊಡಗಿದನು. ಆ ಕೈಗಾರಿಕೆ ಅವನಿಗೆ ಒಗ್ಗಿತು. ಗಾಡಿಯ ಅಡಿಯಲ್ಲಿ ಭಾರ ಹೊತ್ತು ಬಾಗುವ, ಭಾರ ಇಳಿಸಿದೊಡನೆ ಹಿಂದಿನ ಆಕಾರಕ್ಕೆ ಮರಳುವ ಉಕ್ಕಿನ ಸ್ಪ್ರಿಂಗುಗಳ ಸ್ವಭಾವವೆಲ್ಲ ಅವನ ಕೈಗೆ ಪರಿಚಯವಾದುದು ಇಲ್ಲಿಯೇ. ಮುಂದೆ ಅವನ ಹೆಸರನ್ನು ಉಳಿಸಿದುದೂ ಅಂಥದೊಂದು ಸ್ಪ್ರಿಂಗೇ. ಆದರೆ ಅದಕ್ಕಿನ್ನೂ ಕಾಲ ಬಂದಿರಲಿಲ್ಲ. 1842ರಲ್ಲಿ ಹೆಂಡತಿ ತೀರಿಕೊಂಡಳು. ಕೈಯಲ್ಲಿ ಎಳೆಯ ಮಕ್ಕಳಿಬ್ಬರು ಉಳಿದರು.

1845ರ ಸುಮಾರಿಗೆ ಅವನು ಆಲ್ಬನಿ ಪಟ್ಟಣಕ್ಕೆ ಬಂದನು. ಎಲಿಜಬೆತ್ ಬಾಯ್ಡ್ ಎಂಬವಳ ಕೈಹಿಡಿದು ಸಂಸಾರವನ್ನು ಮತ್ತೆ ಹೂಡಿದನು. ಅಲ್ಲಿ ಮಂಚ ತಯಾರಿಸುವ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯ ಕೆಲಸ ಸಿಕ್ಕಿತು. ಮಂಚದ ಕೋಲುಗಳನ್ನು ಕೈಯಿಂದ ಕಡೆಯುವುದು ಬಹಳ ನಿಧಾನದ ಕೆಲಸ. ಓಟಿಸ್ ತಾನೇ ಒಂದು ಯಂತ್ರವನ್ನು ಕಲ್ಪಿಸಿ ನಿಲ್ಲಿಸಿದನು. ಕೆಲಸ ನಾಲ್ಕು ಪಾಲು ವೇಗದಿಂದ ಸಾಗಿತು. ಸಂತುಷ್ಟನಾದ ಧಣಿ 500 ಡಾಲರ್ ಇನಾಮು ಕೊಟ್ಟನು. ಆ ಹಣದಿಂದ ಓಟಿಸ್ ಹಳ್ಳದ ನೀರಿನ ಬಲದಿಂದ ನಡೆಯುವ ಸ್ವಂತ ಕಾರ್ಯಾಗಾರವನ್ನು ತೆರೆದನು. ನೀರಿನ ಚಕ್ರವನ್ನು ಸುಧಾರಿಸುವ ಬಗೆ, ರೈಲು ಬಂಡಿಗಳಿಗೆ ಬ್ರೇಕು ಹೀಗೆ ಒಂದಾದ ಮೇಲೊಂದು ಯೋಚನೆಗಳು ಅವನ ತಲೆಯಲ್ಲಿ ಮೂಡುತ್ತಿದ್ದವು. ಅಷ್ಟರಲ್ಲಿ ಆಲ್ಬನಿ ನಗರದವರು ಕುಡಿಯುವ ನೀರಿಗೆಂದು ಆ ಹಳ್ಳವನ್ನೇ ತಿರುಗಿಸಿಕೊಂಡರು. ನೀರಿಲ್ಲದೆ ಚಕ್ರ ನಿಂತಿತು. ಚಕ್ರದೊಡನೆ ಕಾರ್ಯಾಗಾರವೂ ನಿಂತಿತು.

ಪ್ರಾಯ ನಲವತ್ತು. ಮತ್ತೊಮ್ಮೆ ಕೂಲಿಯ ಬದುಕು. ನ್ಯೂಜೆರ್ಸಿಯಲ್ಲಿ ಕೆಲವು ಕಾಲ ದುಡಿದು, 1852ರಲ್ಲಿ ನ್ಯೂಯಾರ್ಕಿನ ಬಳಿಯ ಯಾಂಕರ್ಸ್ ಎಂಬ ಊರಿಗೆ ಬಂದನು. ಪಾಳುಬಿದ್ದ ಮರದ ಮಿಲ್ಲೊಂದನ್ನು ಮಂಚದ ಕಾರ್ಖಾನೆಯಾಗಿ ಸಜ್ಜುಗೊಳಿಸುವುದು ಅವನಿಗೆ ಒಪ್ಪಿಸಿದ ಕೆಲಸ. ಭಾರವಾದ ಯಂತ್ರಗಳನ್ನೂ ಸಾಮಾನುಗಳನ್ನೂ ಮೇಲಿನ ಮಹಡಿಗೆ ಏರಿಸಬೇಕು. ಏರಿಸುವುದು ಹೇಗೆ?

ಓಟಿಸನೇ ಲಿಫ್ಟನ್ನು ಕಂಡುಹಿಡಿದನೆಂದು ಎಷ್ಟೋ ಕಡೆ ಬರೆಯುವುದುಂಟು. ಅದು ಸರಿಯಲ್ಲ. ಹಗ್ಗ ಮತ್ತು ರಾಟೆಯಿಂದ ಭಾರವನ್ನು ಎತ್ತುವ ವಿದ್ಯೆ ಬಹಳ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕರೂ ರೋಮನರೂ ಅದನ್ನು ಬಲ್ಲವರಾಗಿದ್ದರು. ಓಟಿಸನ ಕಾಲದ ಕಾರ್ಖಾನೆಗಳಲ್ಲಿ ಉಗಿಯ ಬಲದಿಂದ ನಡೆಯುವ ಎತ್ತುಮಣೆಗಳು ಇದ್ದೇ ಇದ್ದವು. ಕೊರತೆ ಇದ್ದುದು ಒಂದೇ ಕಡೆ. ಹಗ್ಗ ಕಡಿದರೆ ಮಣೆ ನೇರವಾಗಿ ಕೆಳಕ್ಕೆ ಬೀಳುತ್ತಿತ್ತು. ನಮ್ಮ ಮನೆಗಳ ಬಾವಿಕಟ್ಟೆಯಲ್ಲಿ ಹಗ್ಗ ಕಡಿದು ಕೊಡಪಾನ ಬಿದ್ದರೆ ಪಾತಾಳಗರಡಿ ಇಳಿಸಿ ಎತ್ತಿಕೊಳ್ಳಬಹುದು. ಮಣೆಯ ಮೇಲೆ ಮನುಷ್ಯನಿದ್ದರೆ ಅವನ ಜೀವವನ್ನು ಮರಳಿ ತರುವ ಗರಡಿ ಎಲ್ಲಿದೆ? ಇಂತಹ ಅಪಘಾತಗಳಲ್ಲಿ ಕೂಲಿಯಾಳುಗಳು ಸಾಯುವುದು, ಕೈಕಾಲು ಮುರಿದುಕೊಳ್ಳುವುದು ಅಂದು ಆಗಾಗ ನಡೆಯುತ್ತಿದ್ದ ಸಂಗತಿ. ಆದುದರಿಂದ ಎತ್ತುಮಣೆ ಸರಕಿಗೆ ಮಾತ್ರವೆಂದೂ ಬುದ್ಧಿಯುಳ್ಳವನು ಅದನ್ನು ಏರಬಾರದೆಂದೂ ಜನ ನಂಬಿದ್ದರು.

ಓಟಿಸ್ ಹಗ್ಗವನ್ನು ಇನ್ನೂ ಗಟ್ಟಿಮಾಡುವ ಗೋಜಿಗೆ ಹೋಗಲಿಲ್ಲ. ಹಗ್ಗವೆಂದ ಮೇಲೆ ಒಂದು ದಿನ ಕಡಿಯಲೇಬೇಕು. ಕಡಿದ ಮರುಕ್ಷಣ ಏನಾಗಬೇಕೆಂಬುದೇ ಅವನು ಹಾಕಿಕೊಂಡ ಪ್ರಶ್ನೆ. ಮಣೆ ಏರುವ ದಾರಿಯ ಎರಡು ಪಕ್ಕದ ಕಂಬಗಳಿಗೂ ಗರಗಸದಂತೆ ಹಲ್ಲುಗಳುಳ್ಳ ಪಟ್ಟಿಗಳನ್ನು ಬಿಗಿದನು. ಮಣೆಯ ಚೌಕಟ್ಟಿನ ನೆತ್ತಿಯಲ್ಲಿ ಗಾಡಿಯ ಸ್ಪ್ರಿಂಗನ್ನು ಇಟ್ಟು, ಎತ್ತುವ ಹಗ್ಗವನ್ನು ಅದರ ನಡುವಿಗೆ ಕಟ್ಟಿದನು. ಹಗ್ಗ ಬಿಗಿಯಾಗಿ ಇರುವಷ್ಟು ಕಾಲ ಭಾರದ ಎಳೆತಕ್ಕೆ ಸ್ಪ್ರಿಂಗು ಬಿಲ್ಲಿನಂತೆ ಬಾಗಿರುತ್ತದೆ. ಅದರ ತುದಿಗಳು ಹಲ್ಲುಗಳಿಂದ ದೂರವಿರುತ್ತವೆ. ಹಗ್ಗ ಕಡಿಯಿತೋ, ಎಳೆತ ತಪ್ಪಿ ಸ್ಪ್ರಿಂಗು ಥಟ್ಟನೆ ಚಪ್ಪಟೆಯಾಗುತ್ತದೆ; ಎರಡು ಬದಿಗಳಿಗೂ ಚಾಚಿಕೊಂಡು ಹಲ್ಲುಗಳನ್ನು ಕಚ್ಚುತ್ತದೆ. ಮಣೆ ಇದ್ದಲ್ಲಿಯೇ ನಿಲ್ಲುತ್ತದೆ. ಇದಕ್ಕೆ ಯಾರೂ ಕಾವಲಿರಬೇಕಾಗಿಲ್ಲ, ಸನ್ನೆಗೋಲು ಎಳೆಯಬೇಕಾಗಿಲ್ಲ. ಬೀಳುವಿಕೆಯೇ ಬೀಳುವಿಕೆಯನ್ನು ತಡೆಯುವಂತಹ ಉಪಾಯ.

ತಾನು ಮಾಡಿದ್ದು ದೊಡ್ಡ ಶೋಧನೆಯೆಂದು ಓಟಿಸನಿಗೆ ಆಗ ಹೊಳೆಯಲೇ ಇಲ್ಲ. ಕಾರ್ಖಾನೆಯ ಒಂದು ಕೆಲಸ ಮುಗಿಯಿತೆಂದಷ್ಟೇ ತಿಳಿದನು. ಪೇಟೆಂಟು ಕೇಳಲಿಲ್ಲ, ಧಣಿಯಿಂದ ಇನಾಮನ್ನೂ ಅಪೇಕ್ಷಿಸಲಿಲ್ಲ. ಮಂಚದ ವ್ಯಾಪಾರವೂ ಕುಸಿದಾಗ, ಆ ಕಾಲದ ಸಾವಿರಾರು ಮಂದಿಯಂತೆ ಚಿನ್ನವನ್ನು ಅರಸಿ ಕ್ಯಾಲಿಫೋರ್ನಿಯಕ್ಕೆ ಹೊರಡಲು ಅವನು ಅಣಿಯಾಗಿದ್ದನೆಂದು ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಆಗ ನ್ಯೂಯಾರ್ಕಿನ ಒಬ್ಬ ಪೀಠೋಪಕರಣ ತಯಾರಕನಿಂದ ಬೇಡಿಕೆ ಬಂತು. ಅವನ ಎತ್ತುಮಣೆಯಲ್ಲಿ ಅಪಘಾತವಾಗಿತ್ತು. ಬೀಳದಂತಹ ಮಣೆಗಳು ಎರಡು ಬೇಕೆಂದು ಅವನು ಕೇಳಿಕೊಂಡನು. ಓಟಿಸ್ ಪ್ರಯಾಣವನ್ನು ಕೈಬಿಟ್ಟು 1853ರಲ್ಲಿ ಯಾಂಕರ್ಸಿನಲ್ಲಿಯೇ ಲಿಫ್ಟಿನ ಕಾರ್ಖಾನೆಯನ್ನು ಆರಂಭಿಸಿದನು.

ಆದರೆ ಅನಂತರ ತಿಂಗಳುಗಟ್ಟಲೆ ಬೇರೆ ಗಿರಾಕಿಗಳು ಸುಳಿಯಲಿಲ್ಲ. ಯಂತ್ರ ಸಿದ್ಧವಿತ್ತು, ಜನರ ನಂಬಿಕೆ ಸಿದ್ಧವಿರಲಿಲ್ಲ. ನಂಬಿಕೆಯನ್ನು ಮಾತಿನಿಂದ ಗಳಿಸಲಾಗದೆಂದು ಓಟಿಸ್ ಅರಿತನು. ಅಂದು ನ್ಯೂಯಾರ್ಕಿನಲ್ಲಿ ಗಾಜು ಮತ್ತು ಕಬ್ಬಿಣದಿಂದ ಕಟ್ಟಿದ ಕ್ರಿಸ್ಟಲ್ ಪ್ಯಾಲೆಸ್ ಎಂಬ ಭವನದಲ್ಲಿ ದೊಡ್ಡ ಕೈಗಾರಿಕಾ ಪ್ರದರ್ಶನ ನಡೆಯುತ್ತಿತ್ತು. 1854ರಲ್ಲಿ ಅಲ್ಲಿ ತೆರೆದ ಎತ್ತುಮಣೆಯೊಂದನ್ನು ನಿಲ್ಲಿಸಿ, ಸುತ್ತಲೂ ಜನ ನೆರೆದಿರುವಾಗ ತಾನೇ ಸರಕಿನೊಡನೆ ಅದರ ಮೇಲೆ ನಿಂತು ಎತ್ತರಕ್ಕೆ ಏರಿದನು. ಅಲ್ಲಿಂದ, ಹಗ್ಗವನ್ನು ಕಡಿಯುವಂತೆ ಅಪ್ಪಣೆ ಮಾಡಿದನು. ಹಗ್ಗ ಕಡಿಯಿತು. ನೋಡುತ್ತಿದ್ದವರ ಎದೆ ಝಲ್ಲೆಂದಿತು. ಮಣೆ ಕೆಲವೇ ಅಂಗುಲ ಜಾರಿ ಅಲ್ಲಿಯೇ ನಿಂತಿತು. ಓಟಿಸ್ ಟೋಪಿ ತೆಗೆದು, ಎಲ್ಲವೂ ಕ್ಷೇಮವೆಂದು ಸಭಿಕರಿಗೆ ತಿಳಿಸಿದನು. ಈ ಪ್ರದರ್ಶನವನ್ನು ಅವನು ಮತ್ತೆ ಮತ್ತೆ ನಡೆಸಿಕೊಟ್ಟನು. ತಾನು ತಯಾರಿಸಿದ ಸಾಮಾನಿಗೆ ತನ್ನ ಪ್ರಾಣವನ್ನೇ ಜಾಮೀನಾಗಿ ಇಟ್ಟ ವ್ಯಾಪಾರಿಗಳು ಲೋಕದಲ್ಲಿ ಹೆಚ್ಚು ಮಂದಿ ಇರಲಾರರು.

ಬೇಡಿಕೆ ಮೆಲ್ಲಮೆಲ್ಲನೆ ಏರಿತು. ಮೊದಲು ಕೊಂಡವರೆಲ್ಲ ಸರಕು ಸಾಗಿಸುವವರೇ. ಜನರನ್ನು ಹೊತ್ತೊಯ್ಯುವ ಓಟಿಸ್ ಲಿಫ್ಟು ಮೊದಲಾಗಿ ಚಾಲನೆಗೆ ಬಂದುದು 1857ರ ಮಾರ್ಚ್ 23ರಂದು, ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯಲ್ಲಿ, ಪಿಂಗಾಣಿ ಮತ್ತು ಗಾಜಿನ ಸಾಮಾನು ಮಾರುವ ಹಾವೌಟ್ ಅಂಗಡಿಯ ಐದು ಮಹಡಿಗಳ ಕಟ್ಟಡದಲ್ಲಿ. ಉಗಿಯ ಬಲದಿಂದ ನಡೆಯುತ್ತಿದ್ದ ಅದರ ವೇಗ ನಿಮಿಷಕ್ಕೆ ಸುಮಾರು 40 ಅಡಿ. ಮೆಟ್ಟಲು ಹತ್ತುವ ಆರೋಗ್ಯವಂತನು ಅದಕ್ಕಿಂತ ಬಹಳ ಹಿಂದೆ ಬೀಳುತ್ತಿರಲಿಲ್ಲ. ಆದರೂ ಆ ನಿಧಾನದ ಪೆಟ್ಟಿಗೆಯಲ್ಲಿ ನಿಂತು ಮೇಲೆ ಹೋದ ಸಾಮಾನ್ಯ ಗಿರಾಕಿ, ಕಾಣದ ಹಗ್ಗಕ್ಕೆ ಪ್ರಾಣವನ್ನು ಒಪ್ಪಿಸಲು ಕಲಿತಿದ್ದನು. ಆ ಕಟ್ಟಡ ಇಂದಿಗೂ ನಿಂತಿದೆ.

ಓಟಿಸನ ಕೈ ಸುಮ್ಮನಿರಲಿಲ್ಲ. ಉಗಿಯಿಂದ ನಡೆಯುವ ನೇಗಿಲು, ರೊಟ್ಟಿ ಸುಡುವ ತಿರುಗುವ ಒಲೆ ಮುಂತಾದವುಗಳಿಗೆ ಪೇಟೆಂಟು ಪಡೆದನು. ಹಣ ಕೂಡಿಡುವ ಜಾಣತನ ಮಾತ್ರ ಕೊನೆಯವರೆಗೂ ಕೈಹತ್ತಲಿಲ್ಲ. 1861ರ ಜನವರಿ 15ರಂದು ಉಗಿ ಲಿಫ್ಟಿನ ಪೇಟೆಂಟು ಅವನ ಹೆಸರಿಗೆ ಬಂತು. ಮೂರು ತಿಂಗಳು ತುಂಬುವುದರೊಳಗೆ, ಏಪ್ರಿಲ್ 8ರಂದು, ಗಂಟಲಮಾರಿ ರೋಗದಿಂದ ಯಾಂಕರ್ಸಿನಲ್ಲಿ ತೀರಿಕೊಂಡನು. ಪ್ರಾಯ ನಲವತ್ತೊಂಬತ್ತು. ಅದಾಗಿ ನಾಲ್ಕನೆಯ ದಿನ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಒಬ್ಬ ಸಣ್ಣ ಕಾರ್ಖಾನೆದಾರನ ಸಾವನ್ನು ನೆನೆಯುವ ಪುರುಸೊತ್ತು ದೇಶಕ್ಕೆ ಇರಲಿಲ್ಲ.

ತಂದೆಯ ಜೊತೆ ದುಡಿದು ಪಳಗಿದ ಚಾರ್ಲ್ಸ್ ಮತ್ತು ನಾರ್ಟನ್ ಆ ಸಣ್ಣ ಕಾರ್ಖಾನೆಯನ್ನು ಮುಳುಗಲು ಬಿಡಲಿಲ್ಲ. ಓಟಿಸ್ ಸಹೋದರರ ಕಂಪೆನಿಯೆಂದು ಹೆಸರಿಟ್ಟು ಬೆಳೆಸಿದರು. 1889ರಲ್ಲಿ ಪ್ಯಾರಿಸಿನ ಐಫೆಲ್ ಗೋಪುರದ ಓರೆಯಾದ ಕಾಲುಗಳೊಳಗೆ ಏರುವ ಲಿಫ್ಟುಗಳನ್ನು ಈ ಕಂಪೆನಿ ಕೂಡಿಸಿಕೊಟ್ಟಿತು. 1892ರಲ್ಲಿ ಕಲ್ಕತ್ತೆಯಲ್ಲಿ ವೈಸ್‌ರಾಯರು ವಾಸವಾಗಿದ್ದ ಸರಕಾರಿ ಭವನಕ್ಕೆ ಓಟಿಸ್ ಲಿಫ್ಟು ಬಂತು. ಭಾರತದಲ್ಲಿ ಅದೇ ತನ್ನ ಮೊದಲನೆಯದೆಂದು ಕಂಪೆನಿ ಹೇಳಿಕೊಳ್ಳುತ್ತದೆ. 1931ರಲ್ಲಿ ನ್ಯೂಯಾರ್ಕಿನ 102 ಮಹಡಿಗಳ ಎಂಪೈರ್ ಸ್ಟೇಟ್ ಕಟ್ಟಡಕ್ಕೂ, 2010ರಲ್ಲಿ ತೆರೆದ ದುಬಾಯಿಯ ಬುರ್ಜ್ ಖಲೀಫಕ್ಕೂ ಲಿಫ್ಟು ಒದಗಿಸಿದುದು ಇದೇ ಹೆಸರು.

ಲಿಫ್ಟು ಬರುವ ಮೊದಲು ನಗರಗಳ ಕಟ್ಟಡಗಳು ಐದಾರು ಮಹಡಿಗಳಿಗೆ ನಿಲ್ಲುತ್ತಿದ್ದವು. ಅದಕ್ಕಿಂತ ಹೆಚ್ಚು ಮೆಟ್ಟಲು ಹತ್ತುವವರಾರು? ವಸತಿಗೃಹಗಳಲ್ಲಿ ಮೇಲಿನ ಕೋಣೆಗಳಿಗೆ ಬಾಡಿಗೆ ಕಡಿಮೆ. ಅಲ್ಲಿರುತ್ತಿದ್ದವರು ಬಡವರು, ಆಳುಗಳು. ಬೀಳುವ ಭಯ ತೊಲಗಿದ ಮೇಲೆ ಲೆಕ್ಕವೇ ತಲೆಕೆಳಗಾಯಿತು. ಗಾಳಿ ಬೆಳಕು ಇರುವ ಮೇಲಿನ ಮಹಡಿಯೇ ಎಲ್ಲಕ್ಕಿಂತ ದುಬಾರಿಯಾಯಿತು. ಅದಕ್ಕಿಂತಲೂ ದೊಡ್ಡ ಲಾಭವೊಂದಿದೆ. ಆಸ್ಪತ್ರೆಯ ನಾಲ್ಕನೆಯ ಮಾಳಿಗೆಗೆ ಹೋಗಬೇಕಾದ ರೋಗಿ, ಮೆಟ್ಟಲು ಹತ್ತಲಾರದ ಮುದುಕಿ, ಗಾಲಿಕುರ್ಚಿಯಲ್ಲಿರುವವರು ಇವರಿಗೆಲ್ಲ ಲಿಫ್ಟೇ ದಾರಿ.

ಈಗಿನ ಲಿಫ್ಟುಗಳಲ್ಲಿ ಓಟಿಸನ ಗಾಡಿಯ ಸ್ಪ್ರಿಂಗಿಲ್ಲ. ಒಂದು ಹಗ್ಗದ ಬದಲು ಹಲವು ಉಕ್ಕಿನ ಹಗ್ಗಗಳಿರುತ್ತವೆ. ಪೆಟ್ಟಿಗೆ ಮಿತಿಮೀರಿದ ವೇಗದಿಂದ ಇಳಿಯತೊಡಗಿದರೆ ಅದನ್ನು ಗುರುತಿಸುವ ವೇಗನಿಯಂತ್ರಕವಿರುತ್ತದೆ. ಅದು ಎಳೆದೊಡನೆ ಪೆಟ್ಟಿಗೆಯ ಅಡಿಯ ಬೆಣೆಗಳು ಬದಿಯ ಕಂಬಿಗಳನ್ನು ಬಿಗಿಯಾಗಿ ಹಿಡಿಯುತ್ತವೆ. ಸಲಕರಣೆ ಬದಲಾದರೂ ತತ್ತ್ವ ಅದುವೇ: ಹಗ್ಗ ಕಡಿಯಬಹುದೆಂದು ಮೊದಲೇ ಒಪ್ಪಿಕೊಂಡು, ಕಡಿದಾಗ ಹಿಡಿಯುವುದಕ್ಕೆ ಏರ್ಪಾಡು ಮಾಡಿಡುವುದು.

ನಮ್ಮ ಊರುಗಳಲ್ಲಿಯೂ ಈಗ ಲಿಫ್ಟುಳ್ಳ ಕಟ್ಟಡಗಳು ಎದ್ದಿವೆ. ಮೊಮ್ಮಕ್ಕಳು ಒಳಗೆ ನುಗ್ಗಿ ಗುಂಡಿ ಒತ್ತಲು ಜಗಳಾಡುತ್ತಿರುವಾಗ, ಹೊಸ್ತಿಲಲ್ಲಿ ಅಳುಕುತ್ತ ನಿಲ್ಲುವ ಅಜ್ಜಿಯಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಆ ಅಳುಕು ನಗುವಂಥದಲ್ಲ. ನೂರ ಎಪ್ಪತ್ತು ವರ್ಷಗಳ ಹಿಂದೆ ಇಡೀ ಲೋಕಕ್ಕೇ ಇದ್ದ ಅಳುಕು ಅದು. ಗಿರಣಿ ಕೆಟ್ಟು, ಮಿಲ್ಲು ಕೆಟ್ಟು, ಹಳ್ಳದ ನೀರೂ ಕೈಬಿಟ್ಟವನೊಬ್ಬನು ಜನರೆದುರು ಹಗ್ಗ ಕಡಿಸಿಕೊಂಡು ಅದಕ್ಕೆ ಸಮಾಧಾನ ಹೇಳಿದನು. ಮುಂದೆಂದಾದರೂ ಲಿಫ್ಟಿನ ಫಲಕದಲ್ಲಿ ಅವನ ಹೆಸರು ಕಂಡರೆ, ಪಕ್ಕದಲ್ಲಿರುವ ಮಕ್ಕಳಿಗೆ ಈ ಕತೆಯನ್ನು ಹೇಳಬಹುದು. ಅಜ್ಜಿಗೂ ಅದು ಕೇಳಿಸಲಿ.