ಬ್ರಹ್ಮಗುಪ್ತ

ಬ್ರಹ್ಮಗುಪ್ತ (ಜನನ: ಕ್ರಿ.ಶ. 598) ಪ್ರಾಚೀನ ಭಾರತದ ಗಣಿತಜ್ಞ ಹಾಗೂ ಖಗೋಳಶಾಸ್ತ್ರಜ್ಞ. ಶೂನ್ಯವನ್ನೂ ಋಣಸಂಖ್ಯೆಗಳನ್ನೂ ಇತರ ಸಂಖ್ಯೆಗಳಂತೆಯೇ ಲೆಕ್ಕಕ್ಕೆ ತೆಗೆದುಕೊಂಡು, ಅವುಗಳಿಗೆ ವ್ಯವಸ್ಥಿತ ನಿಯಮಗಳನ್ನು ರೂಪಿಸಿದವರಲ್ಲಿ ಈತ ಮೊದಲಿಗನೆಂದು ಪ್ರಸಿದ್ಧನಾಗಿದ್ದಾನೆ.

ಜೀವನ ಮತ್ತು ಕೃತಿಗಳು

ಈತನ ತಂದೆ ಜಿಷ್ಣು. ಈತ ನೆಲೆಸಿದ್ದ ಭಿಲ್ಲಮಾಲವು ಇಂದಿನ ರಾಜಸ್ಥಾನದ ಭೀನ್ಮಾಲ್ ಪಟ್ಟಣ. ಚಾಪ ವಂಶದ ಅರಸ ವ್ಯಾಘ್ರಮುಖನ ಕಾಲದಲ್ಲಿ, 628ರಲ್ಲಿ, ತನ್ನ 30ನೆಯ ವಯಸ್ಸಿನಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿದನು. ಅದರಲ್ಲಿ ಆರ್ಯಭಟನನ್ನು ಕಟುವಾಗಿ ಟೀಕಿಸಿದ್ದರೂ, 665ರಲ್ಲಿ ರಚಿಸಿದ ಖಂಡಖಾದ್ಯಕದಲ್ಲಿ ಆರ್ಯಭಟನ ಪದ್ಧತಿಯನ್ನೇ ಅನುಸರಿಸಿದ್ದಾನೆ.

ಧನ, ಋಣ ಮತ್ತು ಶೂನ್ಯ

ಬ್ರಾಹ್ಮಸ್ಫುಟಸಿದ್ಧಾಂತದ 18ನೆಯ ಅಧ್ಯಾಯದಲ್ಲಿ ಈ ನಿಯಮಗಳಿವೆ. ಧನವೆಂದರೆ ಸಂಪತ್ತು, ಋಣವೆಂದರೆ ಸಾಲ. ಸಮಾನವಾದ ಧನ ಮತ್ತು ಋಣಗಳನ್ನು ಕೂಡಿಸಿದರೆ ಶೂನ್ಯ ಬರುತ್ತದೆ. ಶೂನ್ಯದಿಂದ ಧನವನ್ನು ಕಳೆದರೆ ಋಣ, ಋಣವನ್ನು ಕಳೆದರೆ ಧನ. ಎರಡು ಋಣಗಳ ಗುಣಲಬ್ಧ ಧನ. ಹೀಗೆ ಶೂನ್ಯವು ಎಣಿಕೆಯ ಕೊನೆಯ ಮೆಟ್ಟಿಲಾಗದೆ, ಧನ ಮತ್ತು ಋಣಗಳ ನಡುವಿನ ಗಡಿಯಾಯಿತು.

ಭಾಗಾಕಾರದಲ್ಲಿ ಮಾತ್ರ ಈತನ ನಿಯಮಗಳು ಪೂರ್ಣವಾಗಲಿಲ್ಲ. ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯವೇ ಬರುತ್ತದೆಂಬ ಈತನ ಮತವನ್ನು ಆಧುನಿಕ ಗಣಿತವು ಒಪ್ಪುವುದಿಲ್ಲ.

ನಂತರದ ಗಣಿತಜ್ಞರು

9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಧನ-ಋಣಗಳ ನಿಯಮಗಳನ್ನು ನಿರೂಪಿಸಿ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದನು. ಬ್ರಹ್ಮಗುಪ್ತನನ್ನು ಬಹುವಾಗಿ ಗೌರವಿಸಿದ 12ನೆಯ ಶತಮಾನದ ಭಾಸ್ಕರಾಚಾರ್ಯನು ಬೀಜಗಣಿತದಲ್ಲಿ ಕಪಿಗಳ ಗುಂಪಿನ ಲೆಕ್ಕವೊಂದನ್ನು ಕೊಟ್ಟಿದ್ದಾನೆ: ಗುಂಪಿನ ಐದನೆಯ ಒಂದು ಭಾಗದಿಂದ 3ನ್ನು ಕಳೆದು ವರ್ಗ ಮಾಡಿದಷ್ಟು ಕಪಿಗಳು ಗುಹೆಗೆ ಹೋದವು, ಒಂದು ಹೊರಗೆ ಉಳಿಯಿತು. ಸಮೀಕರಣಕ್ಕೆ 50 ಮತ್ತು 5 ಎಂಬ ಎರಡು ಉತ್ತರಗಳಿವೆ. ಐದನ್ನು ಒಪ್ಪಿದರೆ ವರ್ಗ ಮಾಡುವ ಮೊದಲು 1ರಿಂದ 3ನ್ನು ಕಳೆಯಬೇಕಾಗಿ, ಕಪಿಗಳ ಸಂಖ್ಯೆ ಋಣವಾಗುತ್ತದೆ. ಆದ್ದರಿಂದ ಆತ 5ನ್ನು ಕೈಬಿಟ್ಟನು. ನಿಯಮಗಳು ತಿಳಿದಿದ್ದರೂ, ಎಣಿಸುವ ವಸ್ತುಗಳಿಗೆ ಋಣಸಂಖ್ಯೆಯನ್ನು ಒಪ್ಪಲು ಹಿಂಜರಿಕೆ ಉಳಿದಿತ್ತು.

ಗಣಕಯಂತ್ರಗಳ ಕಾಲದಲ್ಲಿ

ಇಂದಿನ ಪ್ರೋಗ್ರಾಂಗಳಲ್ಲಿ ಋಣಸಂಖ್ಯೆಯನ್ನು ಶೂನ್ಯಕ್ಕೆ ಏರಿಸುವ ಕ್ರಮ ವ್ಯಾಪಕವಾಗಿದೆ. ಬಂದ ಸಂಖ್ಯೆ ಮತ್ತು ಶೂನ್ಯ ಇವೆರಡರಲ್ಲಿ ದೊಡ್ಡದನ್ನು ಆರಿಸಿದರೆ ಸಾಕು. ಚಿತ್ರದ ಬಣ್ಣದ ಪ್ರಮಾಣದಂತೆ ಶೂನ್ಯಕ್ಕಿಂತ ಕೆಳಗಿನ ಬೆಲೆಗೆ ಅರ್ಥವಿಲ್ಲದ ಕಡೆ ಇದು ಸೂಕ್ತ. ಕೃತಕ ನರಜಾಲಗಳಲ್ಲಿ ಬಳಸುವ ರೆಲು ಎಂಬ ಫಲನವೂ ಇದನ್ನೇ ಮಾಡುತ್ತದೆ.

ಆದರೆ ಋಣಕ್ಕೆ ಅರ್ಥವಿರುವ ಕಡೆ ಈ ಕ್ರಮ ಲೆಕ್ಕವನ್ನು ಕೆಡಿಸುತ್ತದೆ. ಉದಾಹರಣೆಗೆ, ಉಗ್ರಾಣದಲ್ಲಿ 5 ಚೀಲಗಳಿದ್ದು 8 ಚೀಲಗಳಿಗೆ ಬೇಡಿಕೆ ಬಂದರೆ 3 ಚೀಲಗಳ ಋಣ ಉಳಿಯುತ್ತದೆ. ಮುಂದೆ 10 ಚೀಲಗಳು ಬಂದಾಗ, ಬ್ರಹ್ಮಗುಪ್ತನ ನಿಯಮದಂತೆ ಬಾಕಿ ತೀರಿ ಉಳಿಯುವುದು 7. ನಡುವೆ ಋಣವನ್ನು ಶೂನ್ಯವಾಗಿಸಿದ್ದರೆ ಪ್ರೋಗ್ರಾಂ 10 ಎಂದು ತೋರಿಸುತ್ತದೆ. ಕೊಡಬೇಕಾದ 3 ಚೀಲಗಳು ಲೆಕ್ಕದಿಂದಲೇ ಮರೆಯಾಗುತ್ತವೆ.